ಅಪ್ಪನಿಗೆ ಗ್ಯಾಸ್ ಅಂದಿದ್ದೆವು

ಲೇಡೀಸ್ ಹಾಸ್ಟೆಲ್, ಚನ್ನಗಿರಿ
೯ ನವೆಂಬರ್ ೨೦೨೫

ಪ್ರೀತಿಯ ತಿಪ್ಪೇಶಣ್ಣ,

ಜಗಳೂರಿನಲ್ಲಿ ನೀನು, ಅವ್ವ, ಕುರಿಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನೀನು ಬಂದುಹೋದ ಸಂಜೆಯೇ ಬರೆಯಬೇಕಿತ್ತು. ಇಂಟರ್ನಲ್ಸ್ ಎಂದು ನನಗೆ ನಾನೇ ನೆಪ ಹೇಳಿಕೊಂಡು ಎರಡು ವಾರ ತಳ್ಳಿದೆ, ಸಾರಿ. ಫೋನಿನಲ್ಲಿ ಹೇಳಿದರೆ ನೀನು “ಆತು ಬಿಡು” ಎಂದು ಕಟ್ ಮಾಡುತ್ತೀಯ. ಕಾಗದವಾದರೆ ಕೊನೆತನಕ ಓದಲೇಬೇಕು.

ನೀನೀಗ ನಮ್ಮ ನರ್ಸಿಂಗ್ ಫಸ್ಟ್ ಇಯರ್‌ಗೆ ಹೀರೋ. ಹಾರ್ಟ್ ರಿಸ್ಕ್ ಪ್ರಾಕ್ಟಿಕಲ್‌ಗೆ ಯಾರೂ ಸಿಗದೆ ನಿಂತಿದ್ದೆವಲ್ಲ, ಬೇರೆಯವರ ಅಣ್ಣಂದಿರು ಗೇಟಿನಲ್ಲೇ ಬ್ಯಾಗ್ ಕೊಟ್ಟು ಓಡಿದ್ದರು. ನೀನು ಬಂದು ಸ್ಟೂಲ್ ಮೇಲೆ ಕೂತೆ. ಸೊಂಟಕ್ಕೆ ಟೇಪ್ ಸುತ್ತುವಾಗ ನನ್ನ ರೂಮ್‌ಮೇಟ್ ಕಾವ್ಯಶ್ರೀ ಅದನ್ನು ಎರಡು ಸಲ ಬೀಳಿಸಿದರೆ, “ಹೆದರಬ್ಯಾಡವ್ವ, ಕುರಿ ಅಂದ್ಕಂಡು ಅಳತೆ ತಗಾ” ಎಂದೆ. ಅದನ್ನೇ ಹೇಳಿಕೊಂಡು ಇವತ್ತಿಗೂ ನಗುತ್ತಾಳೆ.

ನಮ್ಮ ಲೆಕ್ಚರರ್ ರುದ್ರಾಣಿ ಮೇಡಂ ನಗುವವರೇ ಅಲ್ಲ. “ಬೀಡಿ ಗೀಡಿ ಐತೇನಪ್ಪ?” ಎಂದು ಕೇಳಿದರು.

“ವರ್ಷಕ್ಕೊಂದು ದಪ ಐತ್ರೀ. ಪಿತೃಪಕ್ಷದಾಗ ಅಪ್ಪಗೆ ಎಡೆ ಇಡ್ತೀವಿ. ಅವನ ಬೀಡಿ ನಾನೇ ಹಚ್ಚಿ ಇಡ್ಬೇಕು. ಹಚ್ಚಾಕೆ ಒಂದು ದಮ್ಮು ಎಳೀಲೇಬೇಕಲ್ರೀ.”

“ಆ ದಮ್ಮು ಯಾರ ಲೆಕ್ಕಕ್ಕೆ ಬರೀಲಿ?”

“ಅಪ್ಪನ ಲೆಕ್ಕಕ್ಕೇ ಬರ್ಕಳ್ರಿ.”

ಮೇಡಂ ನಕ್ಕೇಬಿಟ್ಟರು. ಆಮೇಲೆ ಅಪ್ಪ ಹೆಂಗೆ ತೀರಿಕೊಂಡರು ಎಂದು ಕೇಳಿದರು. ನೀನು ಗ್ಯಾಸ್ ಎಂದೆ. ಮನೆಯಲ್ಲಿ ನಾವೆಲ್ಲ ಹೇಳುತ್ತ ಬಂದಿದ್ದೂ ಅದೇ ತಾನೆ. ಮೆಕ್ಕೆಜೋಳದ ಚೀಲ ಇಳಿಸುವಾಗ ಎದೆ ಹಿಡಿಯಿತು. ಅವ್ವ ಸೋಡಾಕ್ಕೆ ಜೀರಿಗೆ ಹಾಕಿ ಕುಡಿಸಿದಳು. ತೇಗು ಬಂತು. “ಇಳೀತು ಕಣೇ ಉಚ್ಚಂಗಿ” ಎಂದು ಅವ್ವನ ಹೆಸರು ಹಿಡಿದು ಹೇಳಿ ಮಲಗಿದವನು ಏಳಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. “ಬೆವರಿದ್ರಾ?”

“ಅಂಗಿ ಹಿಂಡಂಗೆ. ಎಡಗೈನೂ ನೋವು ಅಂದ. ಚೀಲ ಹೊತ್ತಿದ್ದನಲ್ರೀ.”

“ವಯಸ್ಸು?”

“ನಲವತ್ತೊಂದು.”

“ತಿಪ್ಪೇಶ, ಅದು ಗ್ಯಾಸ್ ಇರಲಿಕ್ಕಿಲ್ಲ. ಹಾರ್ಟ್ ಅಟ್ಯಾಕ್ ಇದ್ದಂಗೈತೆ. ಅಪ್ಪಂಗೆ ಅಷ್ಟು ಸಣ್ಣ ವಯಸ್ಸಿಗೆ ಆಗೇತಂದ್ರೆ ಮಕ್ಕಳು ಈಗ್ಲಿಂದ್ಲೇ ಚೆಕ್ ಮಾಡಿಸ್ಬೇಕು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಎಲ್ಲಾನೂ.”

ನಾನಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ನೀನು ಮೊದಲು ಕೇಳಿದ್ದು ನಿನ್ನ ವಿಷಯವನ್ನೇ ಅಲ್ಲ. “ಇದನ್ನ ನಮ್ಮವ್ವಗೆ ಹೇಳಲೇಬೇಕೇನ್ರೀ? ಸೋಡಾ ಕುಡಿಸಿದ್ದು ಅವಳು” ಎಂದೆ. “ಆಗ ತಿಳಿದಿದ್ದು ಮಾಡ್ಯಾರೆ, ತಪ್ಪೇನೈತೆ?” ಎಂದ ಮೇಡಂ ಧ್ವನಿ ಮೆತ್ತಗಾಗಿತ್ತು. ನೀನು ಹೋದ ಮೇಲೆ ಕ್ಲಾಸಿಗೆ ಹೇಳಿದರು, “ಕೇಳಿದ್ದಕ್ಕೆ ಮುಚ್ಚದೆ ಹೇಳೋ ಪೇಷೆಂಟ್ ಸಿಗೋದು ಪುಣ್ಯ.” ನನಗೆ ಎಷ್ಟು ಪ್ರೌಡ್ ಆಯಿತೆಂದರೆ, ಎಲ್ಲರಿಗೂ ಕೇಳುವಂತೆ “ನಮ್ಮಣ್ಣ” ಎಂದೆ. ಅಪ್ಪ ಹೋದ ಮೇಲೆ ಆರನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲಿಗೆ ಬಿಟ್ಟು, ತಾನು ಕಾಲೇಜು ಬಿಟ್ಟು ಕುರಿ ಹಿಡಿದವನು ಎಂದೂ ಹೇಳಿದೆ.

ಆದರೆ ಅಂಥ ನೀನು ರಕ್ತಪರೀಕ್ಷೆ ಎಂದ ಕೂಡಲೇ “ಮರಿ ಮಾರಿದ ಮ್ಯಾಲೆ ನೋಡಾನ” ಎಂದು ಬಸ್ ಹತ್ತಿದೆ. ಅವತ್ತು ನಿನ್ನ ಬಿಪಿ ನಾರ್ಮಲ್ ಬಂದ ಮಾತ್ರಕ್ಕೆ ಕೊಲೆಸ್ಟ್ರಾಲೂ ನಾರ್ಮಲ್ ಎಂದಲ್ಲ ಅಣ್ಣ. ಇಷ್ಟು ದಿನ ನೀನು ಹೇಳಿದ್ದನ್ನೆಲ್ಲ ನಾನು ಕೇಳಿದ್ದೇನೆ, ಇದೊಂದು ನನ್ನದು ಕೇಳು.

ಅವ್ವನಿಗೆ ನಮಸ್ಕಾರ ಹೇಳು. ನಿನ್ನ ತಲೆ ನಮ್ಮ ಬಿಳಿ ಟಗರಿನಷ್ಟು ಬೆಳ್ಳಗಾಗುವ ತನಕ ಬಾಳು.

ನಿನ್ನ ತಂಗಿ,
ಸಂಘಮಿತ್ರಾ

ತಾ.ಕ.: ನೀನು ಹೋದ ಮೇಲೆ ಕಾವ್ಯಶ್ರೀ ಪ್ರಾಕ್ಟೀಸಿಗೆಂದು ನನ್ನ ತೋಳಿಗೂ ಬಿಪಿ ಪಟ್ಟಿ ಸುತ್ತಿದಳು. ಜಾಸ್ತಿ ಬಂತು. ಮೇಡಂ ಬೇರೆ ಬೇರೆ ದಿನ ನೋಡಿದರು, ಆಗಲೂ ಜಾಸ್ತಿ. ಅವನು ನನಗೂ ಅಪ್ಪನೇ ಅಲ್ಲವೇ? ಮುಂದಿನ ಸೋಮವಾರ, ಹದಿನೇಳನೇ ತಾರೀಕು ಬೆಳಿಗ್ಗೆ, ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬಾ ಎಂದಿದ್ದಾರೆ. ಅವ್ವನಿಗೆ ಹೇಳಿಲ್ಲ. ಒಬ್ಬಳೇ ಕೂರಲು ನನಗೆ ಧೈರ್ಯವಿಲ್ಲ. ನೀನೂ ಏನೂ ತಿನ್ನದೆ ಮೊದಲ ಬಸ್ಸಿಗೆ ಬಾ. ಮೊದಲು ನಿನ್ನ ತೋಳು ಕೊಡು. ಅದನ್ನು ನೋಡಿಕೊಂಡು ನಾನು ನನ್ನದು ಕೊಡುತ್ತೇನೆ.