ಬೇಗಂ ಉಪವಾಸ ಕುಂತಾಳ

ಜುಲೈ 27, ಆಯ್ತವಾರ

ಇವತ್ತೂ ತಿನ್ನಲಿಲ್ಲ. ಐವತ್ತೊಂದನೇ ದಿನ. ಫ್ರಿಜ್ಜಿನಾಗಿನ ಇಲಿ ತಗದು, ಬಿಸಿನೀರಾಗ ಇಟ್ಟು, ಒರಸಿ, ಬಾಲ ಹಿಡದು ಮುಂದ ಆಡಿಸಿದೆ. ಬೇಗಂ ಒಮ್ಮೆ ನಾಲಿಗಿ ಚಾಚಿ ಮಾರಿ ಹೊಳ್ಳಿಸಿದ್ಲು. ಹೆಸರಿಗೆ ಹೆಬ್ಬಾವು, ನಖರಾ ಮದಲಗಿತ್ತಿದು!

ಅಬ್ಬಾ ಹುಕುಂ ಮಾಡ್ಯಾರ: "ಮುಂದಿನ ಆಯ್ತವಾರದೊಳಗ ತಿಂದ್ರ ಇರಲಿ. ಇಲ್ಲಂದ್ರ ರಾಣೇಬೆನ್ನೂರಿಗೆ ವಾಪಸ್. ನಯಾಜಗ ಫೋನ್ ಮಾಡೇನಿ." ನಯಾಜ ಅಂದ್ರ ಇಕಿನ್ನ ನನಗ ಮಾರಿದಾತ. ಅಮ್ಮಿದು ಬ್ಯಾರೇ ರಾಗ — ಹಾವು ಸಾಕಿದ ಹುಡುಗಿ ಬ್ಯಾಡ ಅಂತ, ನನ್ನ ನೋಡಾಕ ಬಂದ ಹಾವೇರಿ ಮಂದಿ ಎದ್ದು ಹೋದ್ರಂತ. ಹೋಗ್ಲಿ ಬಿಡು! ವಿದೇಶಿ ಹಾವು, ಅರಣ್ಯ ಇಲಾಖೆ ಕಾಗದ ಐತಿ, ಪಗಾರ ನಂದು. ಯಾರಪ್ಪನ ಗಂಟು?

ಜುಲೈ 29, ಪಂಚಮಿ

ಬಾಜೂ ಮನಿ ಜಯವ್ವಕ್ಕ ಹಾಲಿನ ಬಟ್ಟಲ ಹಿಡಕೊಂಡು ಬಂದ್ಲು. "ಇಲಿ ತೋರಿಸಿದ್ರ ನಾಗಪ್ಪ ಸಿಟ್ಟಾಗದ ಏನ ಮಾಡ್ತಾನ, ಮುಸರತಾ? ಅತ್ಲಾಗ ಸರಿ, ಹಾಲೆರಿತೇನಿ."

"ಹಾವು ಹಾಲು ಕುಡಿಯೂದಿಲ್ಲ, ಅಕ್ಕಾ."

ಕೇಳ್ತಾಳ? ಬೇಗಂ ಇರೂ ಗಾಜಿನ ಟ್ಯಾಂಕಿನ ಮುಚ್ಚಳದ ಮ್ಯಾಲೆ ನಾಕು ಹನಿ ಹಾಕಿ ಕೈ ಮುಗದ್ಲು. ಸಿಟ್ಟು ಮಾಡಾಕ ಮನಸಾಗಲಿಲ್ಲ. ಉಳದ ಹಾಲಿಗೆ ಚಾ ಮಾಡಿದೆ, ಇಬ್ಬರೂ ಕುಡದ್ವಿ.

ಜುಲೈ 31, ಸಂಜಿ 7

ಕಣ್ಣು ತಿಕ್ಕೊಂಡೆ — ಯಾ ಅಲ್ಲಾ, ಏನ್ ಉರಿ! ಜೂನಿನಾಗ ನಾ ದುಡಿಯೂ ಕೋಲ್ಡ್ ಸ್ಟೋರೇಜಿನವರು ಗೇಟ್‌ಪಾಸ್ ಬರಿಯೂದು ಬಿಡಿಸಿ ನನ್ನ ಸ್ಯಾಂಪಲ್ ಮೇಜಿಗೆ ಕುಂದ್ರಿಸ್ಯಾರ. ದಿನಾ ಮೆಣಸಿನಕಾಯಿ ಮುರದು ಬೀಜ ನೋಡೂದು. ಸಾಬೂನು ಹಚ್ಚಿ ತೊಳದ್ರೂ ಖಾರ ಹೋಗೂದಿಲ್ಲ...

ಜೂನಿನಾಗ. ಇಕಿ ಉಪವಾಸ ಸುರು ಆಗಿದ್ದೂ ಆವಾಗನ.

ಇದ ಕೈಲೆ ಇಲಿ ಒರಸ್ತಿದ್ದೆ. ಏಳು ವಾರ ಬ್ಯಾಡಗಿ ಖಾರ ಸವರಿ ಬಡಸೇನಿ, ಮ್ಯಾಲೆ ತಿನ್ನವಲ್ಲಿ ಅಂತ ಬೈದೇನಿ. ಹುಚ್ಚಿ ನಾನು! ಕುಂತು ಅತ್ತೆ. ಅರ್ಧ ಉರಿಗೆ, ಅರ್ಧ ನಾಚಿಕಿಗೆ.

ಆಗಸ್ಟ್ 3, ಆಯ್ತವಾರ, ಮುಂಜಾನೆ 11

ಎರಡು ದಿನ ಅಕಿನ್ನ ತಡವಲಿಲ್ಲ. ಇವತ್ತ ನಯಾಜ ತೂತಿನ ಡಬ್ಬಿ ಹಿಡಕೊಂಡು ಬಂದೇ ಬಿಟ್ಟ.

"ಅರ್ಧ ತಾಸು ಕುಂದ್ರಿ" ಅಂದೆ. ಹೊಸ ಚಿಮಟಾ, ಹೊಸ ಅರಿವಿ. ಇಲಿಗೆ ಕೈ ತಾಗಸಲೇ ಇಲ್ಲ. ಬೇಗಂ ಕತ್ತೆತ್ತಿದ್ಲು. ನಾಲಿಗಿ... ನಾಲಿಗಿ... ಚಟ್ಟನ ಹಿಡದು ಸುತಗೊಂಡ್ಲು. ನುಂಗಿದ್ಲು! ಬಾಲ ಸಹಿತ!

ನಯಾಜ ಎದ್ದ. "ಛಲೋ ಆತು. ಕೊಡ್ರಿ ಇನ್ನ, ಬ್ಯಾರೇದವರಿಗೆ ಮಾತು ಕೊಟ್ಟೇನಿ."

ಟ್ಯಾಂಕಿಗೆ ಅಡ್ಡ ನಿಂತೆ. "ನನಗ ಯಾರು ಮಾತು ಕೊಟ್ಟಿದ್ರು, ಅಬ್ಬಾ? ತಿಂದ್ರ ಇರಲಿ ಅಂದವರು ನೀವು. ಈಗ ಯಾರು ಮುಟ್ಟತಾರ ಮುಟ್ಟಲಿ, ನೋಡೇ ಬಿಡ್ತೇನಿ." ಸರೀಲಿಲ್ಲ.

ಅಬ್ಬಾ ನನ್ನ ದಾಟಿ ಬಂದು ಟ್ಯಾಂಕಿನ ಮುಂದ ಬಗ್ಗಿದ್ರು. ಉಬ್ಬಿದ ಹೊಟ್ಟಿ ನೋಡಿದ್ರು, ಭಾಳೊತ್ತು. ಆಮ್ಯಾಲೆ ನಯಾಜಗ: "ಚಾ ಕುಡದು ಹೋಗೋ ತಮ್ಮಾ. ಉಂಡು ಮಲಗಿದ ಹುಡುಗೀನ್ನ ಯಾರಾರ ಎಬ್ಬಸ್ತಾರೇನು?"

ಚಾಕ್ಕ ಇಟ್ಟು ಇಲ್ಲೇ ಕುಂತು ಬರಿಯಾಕತ್ತೇನಿ. ನಯಾಜ ಚಾಕ್ಕೂ ನಿಲ್ಲದ ಹೋದ. ಅಬ್ಬಾ ಇನ್ನೂ ಎದ್ದಿಲ್ಲ. ಗಾಜಿಗೆ ಮಾರಿ ಹಚ್ಚಿ, ಸಣ್ಣ ದನಿಲೆ, ಅಕಿ ಜೋಡಿ ಏನೋ ಮಾತಾಡಾಕತ್ತಾರ.