ಒಳಗೆ ಜಾರುವ ಸೂಜಿ

ಕೊಣ್ಣೂರ

ಡಾಕ್ಟರ್ ವಿದ್ಯಾ ಅವರಿಗೆ ನಾಟಕದ ಶೆಟ್ಟೆಪ್ಪನ ಶರಣು!

ಮೊಣಕಾಲು ನೋವಿನ ಆಕ್ಯುಪಂಕ್ಚರ್ ಅಧ್ಯಯನ ಮುಗಿಯಿತು, ನನಗೆ ಹಾಕಿದ್ದು ಚುಚ್ಚದ ಹುಸಿ ಸೂಜಿ ಎಂದು ನಿನ್ನೆ ಫೋನಿನಲ್ಲಿ ಕ್ಷಮೆ ಕೇಳಿದಿರಿ. ಯವ್ವಾ ಡಾಕ್ಟರವ್ವಾ! ಮೊದಲ ದಿನವೇ ನನಗದು ಗೊತ್ತಾಗಿತ್ತು. ಒತ್ತಿದರೆ ಹಿಡಿಯೊಳಗೆ ಜಾರುವ ಅಂಥದೇ ಚೂರಿಯಿಂದ ರಂಗದ ಮೇಲೆ ಎಷ್ಟು ಸಲ ಸತ್ತಿಲ್ಲ ನಾನು! ಬಾಯಿಬಿಟ್ಟರೆ ನೀವು ಗುರುವಾರ ಮನೆಗೆ ಬರುವುದು ನಿಂತೀತೆಂದು ಸುಮ್ಮನಿದ್ದೆ.

ನೋವು ಇಳಿದದ್ದು ಮಾತ್ರ ಖರೆ. ನನ್ನ ಹೆಂಡತಿ ಅಲ್ಲವ್ವ ತೀರಿದ ಮೇಲೆ ಈ ಕಾಲನ್ನು ಮುಟ್ಟಿ, "ಕಾಕಾ, ಇಲ್ಲಿ ನೋಯಾಕತ್ತೈತೇನ್ರಿ?" ಎಂದು ಕೇಳಿದವರು ನೀವೊಬ್ಬರೇ.

ಇನ್ನು ಗೋಕಾಕದ ಆಸ್ಪತ್ರೆಯಲ್ಲಿ ಬೇರೆ ಡಾಕ್ಟರು ಹಾಕುತ್ತಾರೆಂದು ನೀವು ಹೇಳಿದ ಖರೆ ಸೂಜಿ ನನಗೆ ಬೇಡ. ಈ ಗುರುವಾರವೂ ನೀವೇ ಬರ್ರಿ. ಸೂಜಿ ಮರೆತು ಬಂದರೂ ನಡೆದೀತು.

ಇಂತಿ, ಬಾಗಿಲು ತೆರೆದಿಟ್ಟಿರುವ
ಶೆಟ್ಟೆಪ್ಪ ಕಾಕಾ