ಬಿಗಿದಷ್ಟೂ ಸೋರಿದ ಕಾರು

ಅಪ್ಪಾಜಿ,

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು. ನಿನ್ನೆ ಇಡೀ ದಿನ ನಿಮ್ಮ ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದ ನನ್ನ ಸೊಂಟ ಅದಕ್ಕೆ ಒಪ್ಪುತ್ತಿಲ್ಲ. ನಲವತ್ತೈದಾಯಿತು. ಕನ್ನಡ ಮೇಷ್ಟರಿಗೆ ಇಷ್ಟು ಬಗ್ಗುವ ಅಭ್ಯಾಸ ಎಲ್ಲಿಂದ ಬರಬೇಕು?

ಆಸ್ಪತ್ರೆಯಲ್ಲಿ ನಮ್ಮಿಬ್ಬರನ್ನೂ ಮಂಚದ ಬಳಿ ಕರೆದು, ಕಾರು ಮಾರಬೇಡಿ, ವಾರಕ್ಕೊಬ್ಬರಂತೆ ಇಟ್ಟುಕೊಳ್ಳಿ ಎಂದಿರಲ್ಲ, ಇಟ್ಟುಕೊಂಡೆವು. ಆದರೆ ನೀವು ಹೋದ ಮೇಲೆ, ನಿಮ್ಮ ಶಿವಗಣಾರಾಧನೆಯ ದಿನ ಅಣ್ಣ ಕಾರು ತಂದು ನಿಲ್ಲಿಸಿದಾಗ ಅದರ ಕೆಳಗೆ ನೀರು ಹರಿಯಿತು. ನಾನು ಸುಮ್ಮನಿರಬೇಕಿತ್ತು. ನೆಂಟರೆಲ್ಲ ಕೂತಿದ್ದರು, ನಾಲಿಗೆ ತುರಿಸಿತು.

"ಅಣ್ಣ ತಂದ ಕಾರು, ಅಂಗಳವೆಲ್ಲ ನೀರು; ಬೋಲ್ಟು ಬಿಗಿಯಲಾರದವಗೆ ಯಜಮಾನಿಕೆ ಜೋರು."

ಎಲ್ಲರೂ ನಕ್ಕರು. ವಾರದೊಳಗೆ ಅದು ಚಿಕ್ಕಪೇಟೆಯ ಅವನ ಬಟ್ಟೆ ಅಂಗಡಿಗೂ ಮುಟ್ಟಿತು. ಅವತ್ತಿನಿಂದ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಹಜಾರ, ಮೂರು ವರ್ಷ.

ಭಾನುವಾರ ಬೆಳಿಗ್ಗೆ ಕಾರಿನ ಕೀಲಿ ಅಮ್ಮನ ಕೈಯಿಂದ ಈ ಕಡೆಗೋ ಆ ಕಡೆಗೋ ಬರುತ್ತಿತ್ತು, ಅದರ ಜೊತೆಗೇ ಮಾತೂ. ಒಮ್ಮೆ ಅವಳು ಬೇಸತ್ತು, "ನಿಮ್ಮಪ್ಪ ನನಗೆ ಇಬ್ಬರು ಗಂಡುಮಕ್ಕಳನ್ನ ಬಿಟ್ಟು ಹೋದ್ರೋ, ಟಪಾಲು ಕಚೇರಿ ಬಿಟ್ಟು ಹೋದ್ರೋ" ಎಂದಳು. ನಾನೇ ಹೋಗಿ ಮಾತಾಡಿಸಬಹುದಿತ್ತು. ಅವನ ಕೋಣೆಯ ಬಾಗಿಲವರೆಗೆ ಎಷ್ಟೋ ಸಲ ಹೋದೆ, ಆದರೆ...

ಸೋರುವ ಜಾಗವನ್ನು ನೀವು ನನಗೆ ತೋರಿಸಿದ್ದು ಪೆಟ್ರೋಲಿಗೆ ರೇಷನ್ ಇದ್ದ ಕಾಲದಲ್ಲಿ. ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪಿನ ಬುಡದಲ್ಲಿ ಟೋಪಿಯಂಥ ಲೋಹದ ಮುಚ್ಚಳ, ಅದರೊಳಗೆ ನೀರು ಕಾದಾಗ ದಾರಿ ಬಿಡುವ ಥರ್ಮೋಸ್ಟಾಟ್, ಅತ್ತೊಂದು ಇತ್ತೊಂದು ಬೋಲ್ಟು. ತೊಟ್ಟಿಕ್ಕಿದರೆ ಒಂದಿಷ್ಟು ಬಿಗಿ ಎಂದಿರಿ. ಎಷ್ಟು ಎಂದು ಹೇಳಲಿಲ್ಲ. ನನ್ನ ವಾರ ಮುಗಿಯುವ ದಿನ, ಅಣ್ಣನ ಕೈಯಲ್ಲಿ ಸೋರಿ ನನಗೆ ಕೆಟ್ಟ ಹೆಸರು ಬಂದೀತೆಂದು, ಎರಡನ್ನೂ ಇನ್ನೊಂದಿಷ್ಟು ಬಿಗಿದೇ ಕೊಡುತ್ತಿದ್ದೆ. ಬಿಗಿದಷ್ಟೂ ಸೋರಿಕೆ ಹೆಚ್ಚಿತು. ಏಕೆಂದು ನಾನು ಕೇಳಿಕೊಳ್ಳಲೇ ಇಲ್ಲ.

ಮೊನ್ನೆ ಮಾರುಕಟ್ಟೆಯ ಹತ್ತಿರ ಇಂಜಿನ್ ಕುದಿದು ಹೊಗೆಯಂತೆ ಹಬೆ ಎದ್ದಿತು. ಚಾಮರಾಜಪೇಟೆಯ ಮನೆಯವರೆಗೆ ತಳ್ಳಿಸಿಕೊಂಡು ಬಂದೆ. ನಿನ್ನೆ ಮುಚ್ಚಳ ಬಿಚ್ಚಿ ಅಮ್ಮನ ಕನ್ನಡಿಯ ಮೇಲೆ ಬೋರಲು ಇಟ್ಟು ನೋಡಿದರೆ, ಎರಡು ತುದಿಗಳು ಬಾಗಿ ನಡು ಕಮಾನಿನಂತೆ ಎದ್ದಿದೆ. ಕೆಳಗೆ ಬೆಳಕು ಕಾಣುತ್ತಿದೆ. ಬಿಗಿದು ಬಿಗಿದೇ ಅದನ್ನು ಬಗ್ಗಿಸಿದ್ದೇನೆ. ಕನ್ನಡಿಯ ಮೇಲೆ ಉಪ್ಪುಕಾಗದ ಹಾಸಿ, ಗಂಧ ತೇಯ್ದ ಹಾಗೆ ಮಧ್ಯಾಹ್ನದವರೆಗೆ ತೇಯ್ದೆ, ಬೆಳಕು ಕಾಣದಾಗುವ ತನಕ. ಎಣ್ಣೆಯಲ್ಲಿ ನೆನೆಸಿದ ದಪ್ಪ ಕಾಗದದಿಂದ ಮುಚ್ಚಳದಡಿಗೆ ಹೊಸ ಪ್ಯಾಕಿಂಗ್ ಕತ್ತರಿಸಿದೆ.

ಮುಚ್ಚಳ ಕೂರಿಸಿ, ಇತ್ತ ಸ್ವಲ್ಪ ಅತ್ತ ಸ್ವಲ್ಪ ಬಿಗಿಯುತ್ತಿದ್ದಾಗ ಅಣ್ಣ ಬಂದು ಜಗುಲಿಯಲ್ಲಿ ನಿಂತ. ಎರಡು ಬೋಲ್ಟೂ ಸರಿಯಾಗಿ ಕೂತಿದ್ದವು. ಆದರೂ ಚಾಳಿಬಿದ್ದ ಕೈ ಸ್ಪ್ಯಾನರನ್ನು ಮತ್ತೆ ಎಳೆಯಿತು.

"ಸಾಕು ಕಣೋ," ಎಂದ. "ಇನ್ನು ಬಿಗೀಬೇಡ."

ಸ್ಪ್ಯಾನರನ್ನು ಕೆಳಗಿಟ್ಟೆ.

"ನಿನ್ನ ಕೈಗೆ ಕೊಡೋ ಮುಂಚೆ ನಾನೂ ಪ್ರತೀ ಸಲ ಬಿಗಿದೇ ಕೊಡ್ತಿದ್ದೆ. ನೀನು ಮತ್ತೆ ಪದ್ಯ ಕಟ್ಟೀಯ ಅಂತ."

ತಪ್ಪಾಯಿತು ಎಂದೆ, ಅಪ್ಪಾಜಿ. ಪ್ರಾಸವಿಲ್ಲದೆ.

ಆಮೇಲೆ ನೀರು ತುಂಬಿ ಇಂಜಿನ್ ಚಾಲೂ ಮಾಡಿ ಇಬ್ಬರೂ ಬಗ್ಗಿ ಕಾದೆವು. ಪೈಪು ಕಾದಿತು, ಒಂದು ಹನಿಯೂ ಬರಲಿಲ್ಲ. ಅಣ್ಣ ಇಂಜಿನ್ನಿಗೆ ಹೇಳುವವನಂತೆ, "ಗಿರಿಜೆಗೆ ಗಂಡು ಗೊತ್ತಾಗಿದೆ. ಇದನ್ನ ಮಾತ್ರ ನಿನಗೆ ಹೇಳ್ಬೇಡ ಅಂತ ಅಮ್ಮನಿಗೆ ಹೇಳಿದ್ದೆ. ನಾನೇ ಹೇಳ್ಬೇಕು ಅನ್ನಿಸ್ತು" ಎಂದ. ಹೇಳಲು ಎಷ್ಟು ದಿನದಿಂದ ಕಾದಿದ್ದನೋ, ನಾನು ಕೇಳಲಿಲ್ಲ.

ನಿಮ್ಮ ಮೊಮ್ಮಗಳ ಮದುವೆ, ಅಪ್ಪಾಜಿ. ಹುಡುಗ ಬಿನ್ನಿಪೇಟೆಯವನು. ಛತ್ರ ಗೊತ್ತುಮಾಡುವುದು ಚಿಕ್ಕಪ್ಪನಾದ ನನ್ನ ಪಾಲಿಗೆ ಬಂದಿದೆ. ಬಸವನಗುಡಿಯಲ್ಲಿ ಒಂದನ್ನು ನೋಡಲು ನಾಳೆ ಇಬ್ಬರೂ ಹೋಗುತ್ತೇವೆ. ಕಾರನ್ನು ಯಾರು ಓಡಿಸಬೇಕೆಂದು ಬೆಳಗಿನಿಂದ ಜಗಳವಾಡುತ್ತಿದ್ದೇವೆ, ಎದುರುಬದುರು ನಿಂತು.